ತಿಪಟೂರಿನ ಹದಿನೇಳನೇ ಗೂಡು

ನಮ್ಮ ಕಡೆಯವರ ಕೈಗೆ ಮುಚ್ಚಿದ ವಸ್ತು ಯಾವುದನ್ನಾದರೂ ಕೊಟ್ಟು ನೋಡಿ: ಬಿಚ್ಚುವುದಿಲ್ಲ, ಮೂಸುವುದಿಲ್ಲ, ಇದೇನೆಂದು ಕೇಳುವುದೂ ಇಲ್ಲ, ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ. ಹೊನ್ನವಳ್ಳಿಯಿಂದ ಹಂದನಕೆರೆಯವರೆಗೆ ಈ ವಿಷಯದಲ್ಲಿ ಜಾತಿಭೇದವಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ, ಓದಿದವರು ಓದದವರೆಂಬ ಭೇದವಂತೂ ಇಲ್ಲವೇ ಇಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಬೋಧಿಸಿದ ನಾನೇ, ಮೊನ್ನೆ ತಿಪಟೂರಿನ ಕಣ್ಣಿನ ಡಾಕ್ಟರು ಕೊಟ್ಟ ಕನ್ನಡಕದ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಮೇಷ್ಟ್ರೇ, ತೊಂದರೆ ಇರೋದು ಕಣ್ಣಿಗೋ ಕಿವಿಗೋ?" ಎಂದು ಕೇಳಿಸಿಕೊಂಡು ಬಂದವನು.

ಕಾರಣ ನಮ್ಮ ಅಟ್ಟದಲ್ಲಿದೆ. ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರಿ ಕೈತೊಳೆದುಕೊಳ್ಳುವ ಜನ ನಾವಲ್ಲ. ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ಕೆಳಗೆ ನಾವು ಕೆಮ್ಮುತ್ತ, ಜಗಳವಾಡುತ್ತ, ಹಬ್ಬ ಮಾಡುತ್ತ ಒಂದು ವರ್ಷ ಕಳೆಯುವ ಹೊತ್ತಿಗೆ ಮೇಲೆ ಆ ಕಾಯಿಗಳು ತಮ್ಮೊಳಗಿನ ನೀರನ್ನು ತಾವೇ ಕುಡಿದು ಕೊಬ್ಬರಿಯಾಗುತ್ತವೆ. ಆದವೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಒಡೆದರೆ ಉಂಡೆ ಕೊಬ್ಬರಿ ಹೋಳಾಯಿತು. ಆದ್ದರಿಂದ ಕಿವಿಯೇ ಪ್ರಮಾಣ. ಬುಳಬುಳ ಎಂದರೆ ನೀರು ಇನ್ನೂ ಇದೆ, ಇರಲಿ. ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇಳಿಸು. ಏನೂ ಎನ್ನದಿದ್ದರೆ ಕೊಳೆತಿದೆ, ಬಿಸಾಡು. ನನ್ನ ತಂದೆ ನನಗೆ ಅಕ್ಷರಮಾಲೆಗಿಂತ ಮೊದಲು ಈ ಮೂರು ಸದ್ದುಗಳನ್ನು ಕಲಿಸಿದ್ದರು. ಇಂಥ ವಿದ್ಯೆ ಒಮ್ಮೆ ಮೈಗೆ ಹತ್ತಿದರೆ ಅದು ತೆಂಗಿನಕಾಯಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ನಮ್ಮ ಶಾಲೆಯ ಜವಾನ, ಅರಗಿನ ಮುದ್ರೆಯೊತ್ತಿ ಬಂದ ಪ್ರಶ್ನೆಪತ್ರಿಕೆಯ ಕಟ್ಟನ್ನು ಕಿವಿಯ ಬಳಿ ಅಲ್ಲಾಡಿಸಿ, "ಈ ಸಲ ಗಟ್ಟಿ ಐತೆ ಕಣ್ರೀ ಸಾ, ಹುಡುಗ್ರು ಗೋತಾ" ಎಂದು ಭವಿಷ್ಯ ನುಡಿದಿದ್ದ. ಆ ವರ್ಷ ಗಣಿತದಲ್ಲಿ ಅರ್ಧ ತರಗತಿ ನಪಾಸಾಯಿತು.

ಇಷ್ಟು ಹೊತ್ತು ನಕ್ಕಿರಲ್ಲ, ಸಾಕು. ಈ ಅಭ್ಯಾಸವನ್ನು ಹಾಸ್ಯ ಮಾಡುವ ಯೋಗ್ಯತೆ ನನಗೆ ಉಳಿದಿಲ್ಲ. ನನ್ನ ತಂಗಿ ಗಿರಿಜೆಗೆ ಗೊತ್ತಾಗಿದ್ದ ಸಂಬಂಧವೊಂದು ಹೀಗೆ ಯಾರೋ ಒಂದು ಪಾರ್ಸಲನ್ನು ಅಲ್ಲಾಡಿಸಿದ ಕಾರಣಕ್ಕೆ ತಪ್ಪಿಹೋಯಿತೆಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಅಲ್ಲಾಡಿಸಿದವರು ಒಳ್ಳೆಯವರು, ಹಾಳು ಮಾಡಿದವನು ನಾನು. ಹೇಗೆಂಬುದನ್ನು ಕ್ರಮವಾಗಿ ಹೇಳುತ್ತೇನೆ, ಕೇಳುವ ತಾಳ್ಮೆ ನಿಮಗಿದ್ದರೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಹೊನ್ನವಳ್ಳಿಗೆ ಆಗ ಟಪಾಲು ಹಂಚುತ್ತಿದ್ದವನು ಪುಟ್ಟಯ್ಯ. ಅವನು ಮನೆಮನೆಗೆ ಹೋಗಿ ಕಾಗದ ಕೊಡುತ್ತಿದ್ದನೆಂದರೆ ಅರ್ಧಸತ್ಯವಾದೀತು. ಕಾಗದಕ್ಕಿಂತ ಮೊದಲು ಅದರ ಸಾರಾಂಶ ತಲುಪುತ್ತಿತ್ತು. ಹಿಟ್ಟಿನ ಗಿರಣಿಯ ಜಗಲಿಯ ಮೇಲೆ ಕುಳಿತು ಕಾಗದಗಳನ್ನು ಬೀದಿವಾರು ಜೋಡಿಸುವಾಗ, ಕಾರ್ಡುಗಳನ್ನು ಓದಿ, ಸಂಬಂಧಪಟ್ಟವರ ಕಡೆಯವರು ಗಿರಣಿಯಲ್ಲಿದ್ದರೆ "ನಿಮ್ಮತ್ತೆಗೆ ಜ್ವರ ಬುಟ್ಟದಂತೆ ಕಣಕ್ಕೋ, ಗಾಬ್ರಿ ಬ್ಯಾಡ" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಇದು ಚಾಡಿಯಲ್ಲ, ಸೇವೆಯೆಂದೇ ಊರಿನ ಭಾವನೆ. ಓದಿ ಹೇಳದೆ ಸುಮ್ಮನೆ ಕಾರ್ಡು ಎಸೆದು ಹೋಗಿದ್ದರೆ ಅವನಿಗೆ ಜಂಬವೆನ್ನುತ್ತಿದ್ದರು. 'ಏಕಾಂತ' ಎಂಬ ಪದವನ್ನು ತರಗತಿಯಲ್ಲಿ ವಿವರಿಸುವಾಗ ನಾನು ಗುಹೆಯ ಋಷಿಗಳ ಉದಾಹರಣೆ ಕೊಡಬೇಕಾಗುತ್ತಿತ್ತು, ಏಕೆಂದರೆ ಊರಿನಲ್ಲಿ ಯಾರದನ್ನೂ ಕೊಡುವಂತಿರಲಿಲ್ಲ.

ಗಿರಿಜೆ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಅವ್ವ ತೋಟ ನೋಡಿಕೊಂಡಳು, ನಾನು ಗಿರಿಜೆಯನ್ನು ನೋಡಿಕೊಂಡೆ, ಅಥವಾ ಹಾಗೆಂದುಕೊಂಡೆ. ಹತ್ತೊಂಬತ್ತರಲ್ಲಿ ಅವಳ ಬಲಗಾಲಿನ ಹಿಮ್ಮಡಿಯ ಮೇಲುಗಡೆ ನಾಲ್ಕಾಣೆಯಷ್ಟು ಅಗಲದ ಬಿಳಿ ಮಚ್ಚೆಯೊಂದು ಕಾಣಿಸಿಕೊಂಡಿತು. ತುಮಕೂರಿನ ಡಾಕ್ಟರು ನೋಡಿ, ಇದು ಅಂಟುವುದಿಲ್ಲ, ಜೀವಕ್ಕೆ ಅಪಾಯವಿಲ್ಲ, ನಿಧಾನಕ್ಕೆ ನೋಡೋಣ ಎಂದರು. ಆದರೆ ನಮ್ಮಲ್ಲಿ ಹೆಣ್ಣು ಕೇಳಿಕೊಂಡು ಬರುವವರು ಡಾಕ್ಟರನ್ನು ಜೊತೆಗೆ ಕರೆದುಕೊಂಡು ಬರುವುದಿಲ್ಲ. 'ತೊನ್ನು' ಎಂಬ ಪದ ನಮ್ಮ ಮನೆಯಲ್ಲಿ ಅಂದಿನಿಂದ ನಿಷಿದ್ಧವಾಯಿತು. ನಾನು ತಿಪಟೂರಿನಿಂದ ಎರಡು ಜೊತೆ ಕಾಲುಚೀಲ ತಂದುಕೊಟ್ಟೆ. ಚೈತ್ರದ ಸುಡುಬಿಸಿಲಿನಲ್ಲಿ ಕಾಲುಚೀಲ ತೊಟ್ಟು ಅಂಗಳ ಗುಡಿಸುವ ಹುಡುಗಿಯನ್ನು ನೋಡಿ ಯಾರಿಗೂ ಯಾವ ಅನುಮಾನವೂ ಬರುವುದಿಲ್ಲವೆಂದು ನಂಬಿದ ಬುದ್ಧಿವಂತ ನಾನು.

ಪತ್ರಿಕೆಗಳಲ್ಲಿ ಆ ಕಾಲಕ್ಕೆ ಒಂದು ಜಾಹೀರಾತು ತಪ್ಪದೆ ಬರುತ್ತಿತ್ತು: ಉತ್ತರದ ಯಾವುದೋ ಊರಿನ ವೈದ್ಯರೊಬ್ಬರು, ಬಿಳಿ ಮಚ್ಚೆಗೆ ಖಚಿತ ಔಷಧಿ, ಅಂಚೆಯಲ್ಲಿ ಅತ್ಯಂತ ಗೌಪ್ಯವಾಗಿ ಕಳುಹಿಸಲಾಗುವುದು. 'ಗೌಪ್ಯ' ಎಂಬ ಪದಕ್ಕೆ ನಾನು ಮರುಳಾದೆ. ಗುಣದ ಭರವಸೆಗಿಂತ ಅದೇ ನನ್ನನ್ನು ಹೆಚ್ಚು ಸೆಳೆಯಿತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಆದರೆ ಉತ್ತರದವರು ಎಷ್ಟೇ ಗೌಪ್ಯವಾಗಿ ಕಳುಹಿಸಿದರೂ ಕೊನೆಯ ಹತ್ತು ಮೈಲಿ ಪುಟ್ಟಯ್ಯನದು ತಾನೇ? ಹಿಂದೀ ಅಕ್ಷರದ ಪಾರ್ಸಲು ಹಿಟ್ಟಿನ ಗಿರಣಿಯ ಜಗಲಿಗೆ ಬಂದರೆ ಊರು ಅದನ್ನು ಸರದಿಯ ಮೇಲೆ ಕಿವಿಗೆ ಹಿಡಿದು ನೋಡುವುದು ಖಂಡಿತ.

ಆಗ ಸಿಕ್ಕಿದವನು ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ, ಲೆಕ್ಕದ ವಹಿ, ಶಾಯಿ ಮಾರುತ್ತಿದ್ದ ರೇಣುಕಯ್ಯ. ಬಾಗಿಲು ಮುಚ್ಚಿದ ಯಾವುದೋ ಲಾಡ್ಜಿನಿಂದ ಅವನು ಒಂದು ಮರದ ಬೀರು ತಂದಿದ್ದ. ಪಾರಿವಾಳದ ಗೂಡುಗಳಂತೆ ಇಪ್ಪತ್ತನಾಲ್ಕು ಪುಟ್ಟ ಗೂಡುಗಳು, ಒಂದೊಂದಕ್ಕೂ ತಗಡಿನ ಬಾಗಿಲು, ಬೆರಳಿನಷ್ಟು ಬೀಗ. ಊರಿನ ವಿಳಾಸಕ್ಕೆ ಕಾಗದ ಬರುವುದು ಬೇಡವೆನ್ನುವವರಿಗೆ ತಿಂಗಳ ಬಾಡಿಗೆಯ ಮೇಲೆ ಅವನು ಇವುಗಳನ್ನು ಕೊಡುತ್ತಿದ್ದ. ಪಟ್ಟಣದ ಪೋಸ್ಟ್‌ಮ್ಯಾನು ಎಲ್ಲ ಕಾಗದವನ್ನೂ ಅಂಗಡಿಗೆ ಕೊಟ್ಟು ಹೋಗುವನು, ರೇಣುಕಯ್ಯ ನಂಬರು ನೋಡಿ ಗೂಡಿಗೆ ಹಾಕುವನು. ನಾನು ಹದಿನೇಳನೆಯದನ್ನು ಹಿಡಿದೆ. ಕೈಗೆ ಬಂದ ಆ ಪುಟ್ಟ ಬೀಗದಕೈಯನ್ನು ಜನಿವಾರವಿದ್ದವರು ಜನಿವಾರಕ್ಕೆ ಕಟ್ಟಿಕೊಳ್ಳುವರೇನೋ, ಶಿವದಾರದವನಾದ ನಾನು ಅಂಗಿಯ ಒಳಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡೆ. ನಿಜ ಹೇಳಲೇ? ಮೂವತ್ತನಾಲ್ಕರ ವಯಸ್ಸಿನಲ್ಲಿ, ನನ್ನದೇ ಅಂತ ಬೀಗ ಹಾಕಿದ ಜಾಗ ಈ ಭೂಮಿಯ ಮೇಲೆ ಅಂಗೈಯಗಲ ಇದೆಯೆಂದು ನಡಿಗೆಯೇ ಬದಲಾಯಿತು.

ಗೂಡಿನ ಲೋಪಗಳು ಒಂದೊಂದಾಗಿ ಆಮೇಲೆ ತಿಳಿದವು. ಪ್ರತಿ ಬೀಗಕ್ಕೂ ಎರಡು ಕೈ ಇದ್ದು, ಎರಡನೆಯದು ರೇಣುಕಯ್ಯನ ಉಡಿದಾರದಲ್ಲಿ ನೇತಾಡುತ್ತಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಹೋಗುವ ಹೊತ್ತಿಗೆ ಇನ್ನೂ ಮೂರು ನಾಲ್ಕು ಜನ ಬಾಡಿಗೆದಾರರು ಅಲ್ಲಿ ಪೆನ್ಸಿಲ್ಲುಗಳನ್ನು ವಿಪರೀತ ಆಸಕ್ತಿಯಿಂದ ಪರೀಕ್ಷಿಸುತ್ತ ನಿಂತಿರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ನೋಡದೆ ಇರುವುದಕ್ಕೂ ಆಗುವುದಿಲ್ಲ. ಗುಟ್ಟೇನೆಂಬುದು ಗೊತ್ತಾಗದಿದ್ದರೂ ಇವನಿಗೊಂದು ಗುಟ್ಟಿದೆ ಎಂಬುದನ್ನು ಆ ಬೀರು ಇಡೀ ತಿಪಟೂರಿಗೆ ತೋರಿಸುತ್ತಿತ್ತು. ಹೊನ್ನವಳ್ಳಿಗೆ ಸುದ್ದಿ ಮುಟ್ಟಲು ಎರಡು ವಾರ ಸಾಕಾಯಿತು. "ಮೇಷ್ಟ್ರು ತಿಪ್ಟೂರಲ್ಲಿ ಪೆಟ್ಟಿಗೆ ಮಡಗವ್ರಂತೆ" ಎಂದು ಶುರುವಾದದ್ದು, ನನಗೆ ಲಾಟರಿ ಹೊಡೆದಿದೆ ಎನ್ನುವಲ್ಲಿಂದ ಹಿಡಿದು ನಾನು ಅರಸೀಕೆರೆಯಲ್ಲಿ ಇನ್ನೊಂದು ಸಂಸಾರ ಹೂಡಿದ್ದೇನೆ ಎನ್ನುವವರೆಗೆ ಬೆಳೆಯಿತು. ಮೊದಲನೆಯ ಸಂಸಾರವನ್ನೇ ಹೂಡದವನ ಮೇಲೆ ಊರಿಗೆ ಅಷ್ಟು ವಿಶ್ವಾಸವಿತ್ತು.

ಪುಟ್ಟಯ್ಯ ಮಾತ್ರ ನಗಲಿಲ್ಲ. ಒಂದು ದಿನ ಶಾಲೆಯ ಗೇಟಿನಲ್ಲಿ ಸೈಕಲ್ಲು ನಿಲ್ಲಿಸಿ, ಟಪಾಲು ಚೀಲವನ್ನು ಎದೆಗವುಚಿಕೊಂಡು ಕೇಳಿದ: "ಏನೋ ಪೆಟ್ಟಿಗೆ ತಗಂಡಿದೀರಂತೆ. ನನ್ ಕೈಲಿ ಏನ್ ತಪ್ಪಾಯ್ತು ಸಾ? ನಿಮ್ಮಪ್ಪಾರ್ ಕಾಲ್ದಿಂದ ನಿಮ್ಮನೆ ಕಾಗ್ದ ಒಂದು ನೆನೆದಿಲ್ಲ, ಒಂದು ಹರಿದಿಲ್ಲ."

ನಾನು ಇಲಾಖೆಯ ಪತ್ರವ್ಯವಹಾರವೆಂದು ಏನೋ ತೊದಲಿದೆ. ಅವನು ನಂಬಲಿಲ್ಲ, ಆದರೂ ತಲೆಯಾಡಿಸಿದ. "ಬುಡಿ ಸಾ, ದೊಡ್ಡೋರ ವಿಚಾರ" ಎಂದು ಸೈಕಲ್ಲು ತಳ್ಳಿಕೊಂಡು ಹೋದ. ಅವತ್ತು ಮಧ್ಯಾಹ್ನ ಐದನೇ ತರಗತಿಯವರಿಗೆ ನಾನು ಸುಮ್ಮನೆ ಬೈದೆ.

ಔಷಧಿ ಬಂತು. ಕಪ್ಪು ಎಣ್ಣೆ, ಸುಟ್ಟ ಎಕ್ಕಡದ ವಾಸನೆ. ಅದನ್ನು ಮಚ್ಚೆಗೆ ಹಚ್ಚಿ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಕೂರಬೇಕು. ಬೀದಿಗೆ ಕಾಣದ ಬಿಸಿಲು ನಮ್ಮ ಮನೆಯಲ್ಲಿದ್ದದ್ದು ಹಿತ್ತಲಿನ ತೆಂಗಿನಮಟ್ಟೆ ಗುಡ್ಡೆಯ ಹಿಂದೆ ಮಾತ್ರ. ಗಿರಿಜೆ ಪ್ರತಿ ಬೆಳಿಗ್ಗೆ ಅಲ್ಲಿ ಕಾಲು ಚಾಚಿ ಕೂರುತ್ತಿದ್ದಳು, ನಾನು ದೂರ ನಿಂತು ಗಡಿಯಾರ ನೋಡುತ್ತಿದ್ದೆ. ಎರಡನೇ ವಾರಕ್ಕೆ ಚರ್ಮ ಬೊಬ್ಬೆಯೆದ್ದಿತು. ಬೊಬ್ಬೆ ಒಡೆದ ಜಾಗದಲ್ಲಿ ಮಚ್ಚೆ ಸ್ವಲ್ಪ ಕೆಂಪಗೆ ಕಂಡಿತು. ಬಣ್ಣ ತಿರುಗುತ್ತಿದೆಯೆಂದು ನಾನು ಅವ್ವನ ಹತ್ತಿರ ಸಂಭ್ರಮಪಟ್ಟೆ. ಇನ್ನೂ ಮೂರು ತಿಂಗಳು ಹಚ್ಚಬೇಕೆಂದು ವೈದ್ಯರ ಕಾಗದ ಬಂತು. ಮತ್ತೆ ತರಿಸಿದೆ, ಮತ್ತೆ ತರಿಸಿದೆ. "ಯಾಕಣ್ಣ ಅಷ್ಟು ದೂರ ಹೋಗಿ ತರ್ತೀಯ, ಪುಟ್ಟಯ್ಯ ತರಲ್ವಾ?" ಎಂದು ಗಿರಿಜೆ ಒಂದು ಸಲ ಕೇಳಿದ್ದುಂಟು. ನಿನಗೆ ಅರ್ಥವಾಗುವುದಿಲ್ಲ, ಸುಮ್ಮನಿರು ಎಂದಿದ್ದೆ.

ಈ ನಡುವೆ ದಬ್ಬೇಘಟ್ಟದ ಸಂಬಂಧ ಬಂತು. ಹುಡುಗ ಬಸವರಾಜು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರು, ಮಾತು ಕಮ್ಮಿ. ತಂದೆಯಿಲ್ಲದ ಆ ಮನೆಯ ಯಜಮಾನಿಕೆ ಅವನ ಸೋದರಮಾವ ಶಿವಣ್ಣನವರದು, ವಾರಕ್ಕೆ ಎರಡು ಸಲ ಕೊಬ್ಬರಿ ಹೊತ್ತು ತಿಪಟೂರಿನ ಮಾರುಕಟ್ಟೆಗೆ ಬರುವ ದೊಡ್ಡ ಗಂಟಲಿನ, ಬಿಳಿ ಪಂಚೆಯ ಮನುಷ್ಯ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗ ತೋಟ ನೋಡಬೇಕೆಂದು ಹಿತ್ತಲಿಗೆ ಹೋಗಿ, ಗಿರಿಜೆ ಅವನಿಗೆ ಎಳನೀರು ಕೊಟ್ಟು, ಎಲ್ಲವೂ ಪದ್ಧತಿಯಂತೆ ನಡೆಯಿತು. ವಾರದೊಳಗೆ ಒಪ್ಪಿಗೆ ಬಂತು. ಗಿರಿಜೆ ಅಡಿಗೆಮನೆಯಲ್ಲಿ ಹಾಡಿಕೊಳ್ಳತೊಡಗಿದಳು. ಅವಳು ಹಾಡಿದ್ದನ್ನು ನಾನು ಮೂರು ವರ್ಷದಿಂದ ಕೇಳಿರಲಿಲ್ಲ. ವೀಳ್ಯಶಾಸ್ತ್ರಕ್ಕೆ ದಿನ ಗೊತ್ತುಮಾಡುವುದಷ್ಟೇ ಬಾಕಿ. ಮಚ್ಚೆಯ ವಿಷಯ ನಾನು ಹೇಳಲಿಲ್ಲ. ಮದುವೆಯ ಹೊತ್ತಿಗೆ ಗುಣವಾಗಿಬಿಡುವುದನ್ನು ಹೇಳಿ ಕೆಡಿಸುವುದೇಕೆ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಅವಳ ಬದುಕು ನಿಂತಿದ್ದುದು ಈ ಒಂದು ಮೌನದ ಮೇಲೆ ಎಂದು ನನ್ನ ದೃಢವಾದ ನಂಬಿಕೆ.

ಮದುವೆಗೆ ಮುಂಚೆ ಗುಣವಾಗಲೇಬೇಕೆಂಬ ಆತುರದಲ್ಲಿ ಮೂರು ಬಾಟಲಿ ಒಟ್ಟಿಗೆ ಕಳಿಸಿರೆಂದು ಬರೆದೆ. ಹದಿನೇಳನೇ ಗೂಡಿನ ದೊಡ್ಡ ದೋಷ ಆಗ ಬಯಲಾಯಿತು: ಅದಕ್ಕೆ ಹಿಡಿಸುತ್ತಿದ್ದುದು ಕಾಗದ, ಹೆಚ್ಚೆಂದರೆ ಒಂದು ಬಾಟಲಿ. ಗುಟ್ಟು ಚಿಕ್ಕದಾಗಿದ್ದಾಗ ಬೀಗದೊಳಗೆ, ದೊಡ್ಡದಾದರೆ ಗಲ್ಲಾಪೆಟ್ಟಿಗೆಯ ಪಕ್ಕ. ಮಾರುಕಟ್ಟೆಯ ಶನಿವಾರ, ಬಿಳಿ ಬಟ್ಟೆ ಹೊಲಿದು ಅರಗಿನ ಮುದ್ರೆಯೊತ್ತಿದ ಆ ಪಾರ್ಸಲು, ಮೇಲೆ ನನ್ನ ಹೆಸರು ಹೊತ್ತುಕೊಂಡು, ರೇಣುಕಯ್ಯನ ಮೇಜಿನ ಮೇಲೆ ನನಗಾಗಿ ಕಾಯುತ್ತಿತ್ತು. ನಾನು ಹೊನ್ನವಳ್ಳಿಯ ಬಸ್ಸಿನಲ್ಲಿ ಬರುತ್ತಿದ್ದೆ. ಲೆಕ್ಕದ ವಹಿ ಕೊಳ್ಳಲು ಶಿವಣ್ಣನವರು ನನಗಿಂತ ಒಂದು ಗಂಟೆ ಮೊದಲು ಬಂದರು.

ನಾನು ಅಂಗಡಿಯೊಳಗೆ ಕಾಲಿಟ್ಟಾಗ ವಾಸನೆ ಮೊದಲು ಎದುರುಗೊಂಡಿತು. ಮೇಜಿನ ಮೇಲೆ ಒರೆಸಿ ಶುಭ್ರಮಾಡಿದ ಎರಡು ಬಾಟಲಿಗಳು ನಿಂತಿದ್ದವು. ಪಕ್ಕದಲ್ಲಿ, ಎಣ್ಣೆ ಕುಡಿದಿದ್ದ ಔಷಧಿಯ ವಿವರಣಪತ್ರವನ್ನು ಬಿಡಿಸಿ, ಹಾರದಂತೆ ನಾಲ್ಕೂ ಮೂಲೆಗೆ ಶಾಯಿ ಬುಡ್ಡಿಯಿಟ್ಟು, ಫ್ಯಾನಿನ ಕೆಳಗೆ ಒಣಗಹಾಕಿದ್ದರು. ಹಿಂದಿಯ ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ 'ಬಿಳಿ ಮಚ್ಚೆಗೆ' ಎಂದಿತ್ತು; ಹಚ್ಚುವ ಮುಂಚೆ ಮತ್ತು ಹಚ್ಚಿದ ಮೇಲೆ ಎಂದು ಎರಡು ಕಾಲಿನ ಚಿತ್ರಗಳಿದ್ದವು. ವಹಿ ಕೊಳ್ಳಲು ಬಂದ ಏಳೆಂಟು ಜನ ಅದನ್ನು ಓದಿ ಮುಗಿಸಿ ಈಗ ನನ್ನನ್ನು ಓದುತ್ತಿದ್ದರು. ಸ್ಟೂಲಿನ ಮೇಲೆ, ತೋಳಿನಿಂದ ಪಂಚೆಯವರೆಗೆ ಕಪ್ಪು ಎಣ್ಣೆ ಇಳಿದ ಶಿವಣ್ಣನವರು.

"ತಪ್ಪಾಗೋಯ್ತು ಕಣ್ರೀ ಮೇಷ್ಟ್ರೇ" ಎಂದು ಅವರು ಎದ್ದೇ ನಿಂತರು. "ಬೀಗರದಲ್ವಾ ಅಂತ ಸಲಿಗೇಲಿ ಎತ್ಕಂಡೆ. ಬುಳಬುಳ ಅಂತು. ಇನ್ನೊಂದ್ ಸಲ ಜೋರಾಗಿ ಅಲ್ಲಾಡಿಸ್ದೆ ನೋಡಿ, ಬಿರಡೆ ಕಿತ್ಕಂಡ್ತು."

"ಎರಡು ಉಳಿಸ್ಕಂಡಿದೀನಿ ಸಾ. ತಕ್ಷಣ ಹೊಲಿಗೆ ಬಿಚ್ಚದೆ ಇದ್ದಿದ್ರೆ ಅವೂ ಹೋಗ್ತಿದ್ವು" ಎಂದ ರೇಣುಕಯ್ಯ, ಮೆಚ್ಚುಗೆಯನ್ನು ನಿರೀಕ್ಷಿಸುವ ಮುಖದಲ್ಲಿ. ಯಾರ ಮೇಲೆ ಸಿಟ್ಟು ಮಾಡಲಿ? ಇಬ್ಬರ ಮನಸ್ಸಿನಲ್ಲೂ ಎಳ್ಳಷ್ಟು ಕೆಟ್ಟದ್ದಿರಲಿಲ್ಲ.

ಶಿವಣ್ಣನವರು ದನಿ ತಗ್ಗಿಸಿ ಕೇಳಿದರು: "ಔಷ್ದಿ ಯಾರಿಗೆ?"

ಓದುಗ ಮಹಾಶಯರೇ, ಆ ಒಂದು ಗಳಿಗೆಯನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆಂದು ಹೇಳಿದರೆ ನಿಮಗೆ ಬೇಸರವಾದೀತು. ನಿಜ ಹೇಳಬಹುದಿತ್ತು. ಮಾತಾಡದೆ ಪಾರ್ಸಲು ಎತ್ತಿಕೊಂಡು ಬರಬಹುದಿತ್ತು. ಆದರೆ ನನ್ನೊಳಗಿನ ತ್ಯಾಗಮೂರ್ತಿ ಅಂಥ ಹೊತ್ತಿಗೇ ಎದ್ದು ಕೂರುವವನು. ಕಳಂಕವನ್ನು ನನ್ನ ಮೈಮೇಲೆ ಎಳೆದುಕೊಂಡರೆ ತಂಗಿ ಪಾರಾದಳೆಂದು ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು. "ನನಗೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡರು. ನನ್ನ ತೋಳು ಹಿಡಿದು ಅಂಗಡಿಯ ಹೊರಗೆ, ಜನ ಇಲ್ಲದ ಕಡೆ ಕರೆದುಕೊಂಡು ಬಂದರು.

"ಮೇಷ್ಟ್ರೇ, ಮಗು ಕಾಲಲ್ಲಿ ಐತೆ ಅಂತ ನಮಗೆ ಗೊತ್ತು. ಅವತ್ತು ಎಳ್ನೀರು ಕೊಡುವಾಗ ಆ ಮಗೂನೇ ನಮ್ ಬಸವರಾಜಂಗೆ ತೋರಿಸ್ತಂತೆ. ಅವನು ಬಂದು ನಂಗೆ ಹೇಳ್ದ, ನಾನು ಮದುವೆ ಆದ್ರೆ ಇವಳನ್ನೇ ಅಂತಾನೂ ಅಂದ. ನಮ್ಮಕ್ಕ, ಅವ್ನ ತಾಯಿ, ಒಪ್ಪಿರ್ಲಿಲ್ಲ. ಒಬ್ಬಳಿಗೆ ತಾನೆ, ಆ ಮನೇಲಿ ಇನ್ಯಾರ್ಗೂ ಇಲ್ಲ, ನಾನು ವಿಚಾರಿಸಿದೀನಿ ಅಂತ ನಾಲ್ಕು ದಿನ ಕೂತು ಒಪ್ಪಿಸಿದೀನಿ ಕಣ್ರೀ. ಈಗ ಅಣ್ಣಂಗೂ ಐತೆ ಅಂದ್ರೆ ವಂಶದಲ್ಲೇ ಐತೆ ಅಂತಾಯ್ತಲ್ಲ. ಅಕ್ಕಂಗೆ ನಾನು ಏನಂತ ಹೇಳ್ಲಿ?"

ನೆಲ ಬಾಯಿ ಬಿಡಲಿಲ್ಲ. ಅದಕ್ಕೆ ಅಷ್ಟು ಕರುಣೆಯಿಲ್ಲ. ಇಲ್ಲ, ನನಗಿಲ್ಲ, ಸುಳ್ಳು ಹೇಳಿದೆ, ಔಷಧಿ ಅವಳಿಗೇ ಎಂದು ಒದರತೊಡಗಿದೆ. ಅಂಗಿಯ ತೋಳು ಮಡಿಸಿ ತೋರಿಸಿದೆ, ಪಂಚೆ ಎತ್ತಿ ಮೊಣಕಾಲು ತೋರಿಸಿದೆ, ಬಸ್ ಸ್ಟ್ಯಾಂಡಿನ ಎದುರು ಅಂಗಿಯ ಗುಂಡಿಗಳಿಗೂ ಕೈಹಾಕಿದೆ. ಶಿವಣ್ಣನವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಬುಡಿ ಮೇಷ್ಟ್ರೇ, ಬುಡಿ. ಮೊದಲು ಹೇಳಿದ್ದು ನಿಜವೋ, ಈಗ ಹೇಳಿದ್ದು ನಿಜವೋ, ನಾನು ಯಾವ್ದನ್ನ ನಂಬ್ಲಿ? ಇವತ್ತು ಅಂಗಡಿ ತುಂಬ ನಮ್ಮೂರಿನ ಕಡೆಯೋರು. ನಾನು ಬಸ್ಸು ಹತ್ತೋ ಮುಂಚೆ ಅಕ್ಕನ ಕಿವಿಗೆ ಮುಟ್ಟಿರ್ತದೆ." ಅವರು ಎಣ್ಣೆಯಾದ ಪಂಚೆಯನ್ನು ಎತ್ತಿ ಕಟ್ಟಿಕೊಂಡರು. "ಮಗೂಗೆ ಒಳ್ಳೇದಾಗ್ಲಿ" ಎಂದು ವಹಿಯನ್ನೂ ಕೊಳ್ಳದೆ ಹೊರಟುಹೋದರು.

ಅವರ ಅಕ್ಕ ಒಪ್ಪಲಿಲ್ಲ. ನಾನು ಬಸವರಾಜುವಿಗೆ ಎಲ್ಲವನ್ನೂ ಬರೆದೆ; ಲಕೋಟೆಯಲ್ಲಲ್ಲ, ಯಾರು ಬೇಕಾದರೂ ಓದಲೆಂದು ಕಾರ್ಡಿನಲ್ಲಿ, ಇದ್ದದ್ದು ಇದ್ದ ಹಾಗೆ. ಟಪಾಲಿಗೆ ಹಾಕೆಂದು ಕೊಟ್ಟಾಗ ಪುಟ್ಟಯ್ಯ ಅದನ್ನು ನಮ್ಮ ಜಗಲಿಯ ಮೇಲೆ ನಿಂತೇ ಪೂರ್ತಿ ಓದಿದ. ಕೂಗಲಿಲ್ಲ. ಚೀಲದ ತಳಕ್ಕೆ ಹಾಕಿಕೊಂಡು, "ಗಿರಿಜವ್ವುಂದು ನಂಗೆ ಮೊದಲ್ನೇ ವರ್ಷದಿಂದ ಗೊತ್ತು ಸಾ. ಕೆರೆ ಮೆಟ್ಲಲ್ಲಿ ಬಟ್ಟೆ ಒಗೆಯೋ ಹೆಂಗಸರಿಗೆಲ್ಲ ಗೊತ್ತು. ಆ ಶಿವಣ್ಣೋರು ಊರಿಗೆ ಬಂದು ವಿಚಾರಿಸ್ದಾಗ ಒಬ್ರೂ ತುಟಿ ಬಿಚ್ಚಿಲ್ಲ" ಎಂದ. ಹಾಗಾದರೆ ಊರಿನಲ್ಲಿ ಆ ವಿಷಯ ಗುಟ್ಟೆಂದು ತಿಳಿದಿದ್ದವನು ನಾನೊಬ್ಬನೇ. ಬಾಯಿಬಡುಕರೆಂದು ನಾನು ಯಾರಿಂದ ಅವಳನ್ನು ಬಚ್ಚಿಡಲು ಹತ್ತು ಮೈಲಿ ದೂರ ಬೀಗ ಹಾಕಿಸಿದ್ದೆನೋ, ಅವರು ಅವಳನ್ನು ಬೀಗವಿಲ್ಲದೆಯೇ ಕಾಪಾಡಿದ್ದರು.

ಕಾರ್ಡಿಗೆ ಉತ್ತರ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬಸವರಾಜುವಿನ ಮದುವೆ ತುರುವೇಕೆರೆಯ ಹುಡುಗಿಯೊಂದಿಗೆ ಆಯಿತೆಂದು ಕೇಳಿದೆ. ಗಿರಿಜೆ ಈಗ ನಮ್ಮೂರ ಬಾಲವಾಡಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಾಳೆ. ಮಚ್ಚೆ ಕೈಗಳಿಗೆ ಬಂದಿದೆ, ತುಟಿಯ ಅಂಚಿಗೆ ಬಂದಿದೆ. ಆಮೇಲೆ ಬಂದ ಎರಡು ಮೂರು ಸಂಬಂಧದವರಿಗೆ ಅವಳೇ ಮೊದಲು ಹೇಳಿದಳು. ಅವರು ಕಾಫಿ ಕುಡಿದು ಎದ್ದು ಹೋದರು. ಎಂಟು ವರ್ಷವಾಯಿತು. ಈಗ ಯಾರೂ ಬರುವುದಿಲ್ಲ. ಎಲ್ಲ ನೋವಿಗೂ ಕಾಲವೇ ಮದ್ದು ಎಂದು ಬರೆದು ಇಲ್ಲಿಗೆ ಮುಗಿಸುವುದು ನನಗೆ ಕಷ್ಟವಲ್ಲ, ಅಂಥ ವಾಕ್ಯಗಳನ್ನು ಮಕ್ಕಳಿಗೆ ಉಕ್ತಲೇಖನ ಕೊಟ್ಟೇ ನಾನು ಸಂಬಳ ತೆಗೆದುಕೊಂಡವನು. ಆದರೆ ಅದು ನಿಜವಲ್ಲ. ಆ ಶನಿವಾರ ಸಂಜೆ ಮನೆಯಲ್ಲಿ ನಡೆದ ಮಾತೊಂದನ್ನು ನಾನು ಇಷ್ಟು ಹೊತ್ತು ಹಾರಿಸಿಕೊಂಡು ಬಂದಿದ್ದೇನೆ.

ಉಳಿದ ಎರಡು ಬಾಟಲಿಗಳನ್ನು ಹಿಡಿದು ನಾನು ಮನೆ ಸೇರುವ ಹೊತ್ತಿಗೆ ಅವಳಿಗೆ ಎಲ್ಲವೂ ತಿಳಿದಿತ್ತು. ನನಗಿಂತ ಮುಂಚಿನ ಬಸ್ಸಿನಲ್ಲಿ ಸುದ್ದಿ ಬಂದಿತ್ತು. ಅವ್ವ ಮೂಲೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಗಿರಿಜೆ ಅಳುತ್ತಿರಲಿಲ್ಲ. ಜಗಲಿಯ ಮೇಲೆ ಬರಿಗಾಲು ಇಳಿಬಿಟ್ಟು ಕೂತಿದ್ದಳು.

"ಅಣ್ಣ, 'ನನಗೆ' ಅಂತ ಹೇಳಿದೆಯಂತಲ್ಲ, ಹೇಳುವಾಗ ಹೆಂಗನ್ನಿಸ್ತು ನಿಂಗೆ?"

ಆ ಒಂದು ದಿನವಾದರೂ ಸುಳ್ಳು ಹೇಳಬಾರದೆಂದು, "ಮೈಯೆಲ್ಲ ಅಸಹ್ಯ ಆದ ಹಾಗಾಯ್ತು" ಎಂದೆ.

"ಮೂರು ವರ್ಷದಿಂದ ನೀನು ನನ್ನ ಕಾಲು ನೋಡುವಾಗ ನಿನ್ನ ಮುಖದಲ್ಲಿ ಅದೇ ಇರ್ತಿತ್ತು" ಎಂದಳು. "ಅವತ್ತು ಹಿತ್ತಲಲ್ಲಿ ನಾನು ಅವರಿಗೆ ತೋರಿಸಿದೆ. ಅವರು ಹಿಂದೆ ಸರೀಲಿಲ್ಲ ಅಣ್ಣ. ಬಗ್ಗಿ ನೋಡಿ, ಆ ಬೊಬ್ಬೆಗಳು ನೋಯ್ತವಾ ಅಂತ ಕೇಳಿದ್ರು."

ಹೌದು, ನೋಯುತ್ತಿತ್ತು. ಗಡಿಯಾರ ಹಿಡಿದು ಪ್ರತಿ ಬೆಳಿಗ್ಗೆ ಅಲ್ಲೇ ನಿಂತಿರುತ್ತಿದ್ದ ನಾನು ಅದನ್ನು ಒಂದು ಸಲವೂ ಕೇಳಿರಲಿಲ್ಲ.